ತೂತು ಸಣ್ಣದು, ಆಪರೇಷನ್ ದೊಡ್ಡದು: ಅನ್ನನಾಳದ ಕ್ಯಾನ್ಸರ್ ಮತ್ತು ದುರ್ಬೀನು ಶಸ್ತ್ರಚಿಕಿತ್ಸೆ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ, ಬ್ಯಾಡಗಿ ಹತ್ತಿರದ ಹಳ್ಳಿ. ಅಪ್ಪನಿಗೆ 61 ವರ್ಷ, ಒಕ್ಕಲುತನ ಮಾಡುತ್ತಾರೆ. ನಾಲ್ಕು ತಿಂಗಳಿಂದ ರೊಟ್ಟಿ ಇಳಿಯುತ್ತಿಲ್ಲ. 11 ಕೆ.ಜಿ. ತೂಕ ಕಮ್ಮಿಯಾಗಿದೆ. ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದ ನಡುಭಾಗದಲ್ಲಿ ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅಂತ ಬಂದಿದೆ. ಬೇರೆ ಕಡೆ ಹರಡಿಲ್ಲವಂತೆ. ಐದು ವಾರ ಕಿಮೋ ಮತ್ತು ಕರೆಂಟು (ರೇಡಿಯೇಷನ್) ಕೊಟ್ಟು, ಆಮೇಲೆ ದುರ್ಬೀನಿನಿಂದ, ಅಂದರೆ ಸಣ್ಣ ತೂತಿನಲ್ಲಿ ಕ್ಯಾಮೆರಾ ಹಾಕಿ, ಆಪರೇಷನ್ ಮಾಡೋಣ ಅಂದಿದ್ದಾರೆ. ಸಣ್ಣ ತೂತಿನಿಂದ ಗಡ್ಡೆ ಪೂರ್ತಿ ತೆಗೆಯಲು ಆಗುತ್ತದೆಯೇ? ಸಂಬಂಧಿಕರು ಬೆಂಗಳೂರಿಗೆ ಹೋಗಿ ರೋಬೋಟ್‌ನಿಂದಲೇ ಮಾಡಿಸಿ ಅನ್ನುತ್ತಾರೆ, ಅದಕ್ಕೆ ಒಂದು ಎಕರೆ ಮಾರಬೇಕಾಗುತ್ತದೆ. ಮಾರಬೇಕಾ? ಖಾರ ಜಾಸ್ತಿ ತಿಂದದ್ದಕ್ಕೆ ಹೀಗಾಯಿತಾ? ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ, ಹುಣ್ಣು ಅಂದಿದ್ದೇವೆ. ಅವರು ಕೇಳುವುದು ಒಂದೇ ಮಾತು: ‘ಮತ್ತ ರೊಟ್ಟಿ ತಿನ್ನಾಕ ಆಗತೈತೇನು?’

ಉತ್ತರ: ಮೊದಲು ಒಂದು ಮಾತು. ನಿಮ್ಮ ಡಾಕ್ಟರು ಹಾಕಿಕೊಟ್ಟಿರುವ ದಾರಿ ಸರಿಯಾಗಿದೆ. ಬೇರೆ ಕಡೆ ಹರಡದ ಕ್ಯಾನ್ಸರ್‌ಗೆ ಐದು ವಾರದ ಚಿಕಿತ್ಸೆ ಕೊಟ್ಟು ಆಮೇಲೆ ಆಪರೇಷನ್ ಅಂದರೆ, ಅವರು ನಿಮ್ಮ ಅಪ್ಪನನ್ನು ಗುಣ ಮಾಡುವ ಲೆಕ್ಕದಲ್ಲೇ ಇದ್ದಾರೆ. ಸುಮ್ನೆ ನಾಲ್ಕು ದಿನ ತಳ್ಳುವ ಚಿಕಿತ್ಸೆ ಇದಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

ರೊಟ್ಟಿಯಿಂದಲೇ ಶುರು ಮಾಡುತ್ತೇನೆ. ಅನ್ನನಾಳ ಅಂದರೆ ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವ ಸುಮಾರು 25 ಸೆಂ.ಮೀ. ಉದ್ದದ ಮೆತ್ತನೆಯ ನಳಿಗೆ. ಬೇಕಾದಾಗ ಹಿಗ್ಗುತ್ತದೆ. ಹಾಗಾಗಿ ಒಳಗೆ ಗಡ್ಡೆ ಶುರುವಾದರೂ ಬಹಳ ದಿನ ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಮೊದಲು ಗೊತ್ತುಮಾಡಿಕೊಡುವುದು ಜೋಳದ ರೊಟ್ಟಿ. ಹುಬ್ಬಳ್ಳಿಯ ನನ್ನ ಓಪಿಡಿಗೆ ಗದಗ, ಹಾವೇರಿ ಕಡೆಯಿಂದ ಬರುವವರಿಗೆ ನಾನು ‘ನುಂಗಲು ತ್ರಾಸು ಇದೆಯಾ’ ಅಂತ ಕೇಳುವುದಿಲ್ಲ. ‘ರೊಟ್ಟಿ ಬಿಟ್ಟು ಎಷ್ಟು ದಿನ ಆಯಿತು’ ಅಂತ ಕೇಳುತ್ತೇನೆ. ಮೊದಲು ಖಡಕ್ ರೊಟ್ಟಿ ಬಿಡುತ್ತಾರೆ, ಬಿಸಿ ರೊಟ್ಟಿಗೆ ಬರುತ್ತಾರೆ. ಆಮೇಲೆ ಅದನ್ನೂ ಸಾರಿನಲ್ಲಿ ನೆನೆಸುತ್ತಾರೆ. ಆಮೇಲೆ ಅನ್ನ, ಆಮೇಲೆ ಗಂಜಿ. ಒಂದೊಂದು ಮೆಟ್ಟಿಲು ಇಳಿದಾಗಲೂ ಮನೆಯವರು ಅಡುಗೆ ಬದಲಿಸಿ ಹೊಂದಿಸಿಕೊಳ್ಳುತ್ತಾರೆ. ‘ವಯಸ್ಸಾತು, ಹಲ್ಲಿಲ್ಲ’ ಅಂದುಕೊಳ್ಳುತ್ತಾರೆ. ನಿಮ್ಮ ನಾಲ್ಕು ತಿಂಗಳು ಹೀಗೇ ಹೋಗಿರಬೇಕು. ಅದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಬಹಳ ಮನೆಗಳಲ್ಲಿ ನಡೆಯುವುದು ಇದೇ. ಆದರೆ ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ: ಎರಡು ವಾರ ರೊಟ್ಟಿ ಎದೆಯಲ್ಲಿ ನಿಂತಂತೆ ಆದರೆ ಅದು ಹಲ್ಲಿನ ತೊಂದರೆಯಲ್ಲ. ಒಂದು ಎಂಡೋಸ್ಕೋಪಿ ಮಾಡಿಸಿ. ಹತ್ತು ನಿಮಿಷದ ಕೆಲಸ.

ಖಾರದ ವಿಷಯ. ಬ್ಯಾಡಗಿಯವರು ಈ ಪ್ರಶ್ನೆ ಕೇಳದೆ ಹೋಗುವುದೇ ಇಲ್ಲ. ತಂಬಾಕು, ಅಡಿಕೆ, ಸಾರಾಯಿ ಇವುಗಳ ವಿರುದ್ಧ ಇರುವಷ್ಟು ಗಟ್ಟಿ ಸಾಕ್ಷಿ ಮೆಣಸಿನಕಾಯಿಯ ವಿರುದ್ಧ ಇಲ್ಲ. ಅಪ್ಪ ಬೀಡಿ ಸೇದುತ್ತಿದ್ದರಾ, ಎಲೆ ಅಡಿಕೆ ಜೊತೆ ತಂಬಾಕು ಹಾಕುತ್ತಿದ್ದರಾ ಅಂತ ನೀವು ಬರೆದಿಲ್ಲ. ಹಾಕುತ್ತಿದ್ದರೆ ಕಾರಣ ಅಲ್ಲಿದೆ. ಸೇದುವ ತಂಬಾಕು ಮಾತ್ರವಲ್ಲ, ಅಗಿಯುವ ತಂಬಾಕೂ ಅನ್ನನಾಳದ ಕ್ಯಾನ್ಸರ್ ತರುತ್ತದೆ. ತಂಬಾಕು ಇಲ್ಲದ ಎಲೆ ಅಡಿಕೆಯೂ ತರುತ್ತದೆ. ಇನ್ನೊಂದು ವಿಷಯ ನಮ್ಮವರಿಗೆ ಅಷ್ಟು ಗೊತ್ತಿಲ್ಲ. 65 ಡಿಗ್ರಿಗಿಂತ ಬಿಸಿ ಇರುವ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ‘ಬಹುಶಃ ಕ್ಯಾನ್ಸರ್ ತರುವ’ ಪಟ್ಟಿಗೆ ಸೇರಿಸಿತು. ಕುದಿಯುವ ಚಾ ಇಳಿಸಿದ ಕೂಡಲೇ ಬಾಯಿಗೆ ಹಾಕಿಕೊಳ್ಳುವ ರೂಢಿ ನಮ್ಮಲ್ಲಿ ಬಹಳ ಇದೆ. ಐದು ನಿಮಿಷ ಆರಲು ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ, ಅಲ್ವಾ?

ಈಗ ಮುಖ್ಯ ಪ್ರಶ್ನೆ. ಗಡ್ಡೆ ಇದೆ ಅಂತ ಗೊತ್ತಾದ ಮೇಲೆ ನಾಳೆಯೇ ತೆಗೆಯಬಾರದೇಕೆ? ಅನ್ನನಾಳಕ್ಕೆ ಕರುಳಿಗೆ ಇರುವಂಥ ಹೊರಪದರ ಇಲ್ಲ. ಗಡ್ಡೆ ಬೇಗ ಹೊರಗೆ ಚಾಚುತ್ತದೆ. ಪಕ್ಕದಲ್ಲೇ ಶ್ವಾಸನಾಳ, ಹಿಂದೆ ದೊಡ್ಡ ರಕ್ತನಾಳ. ನೇರವಾಗಿ ಕೊಯ್ದರೆ ಅಂಚಿನಲ್ಲಿ ಒಂದಿಷ್ಟು ಉಳಿದುಹೋಗುವ ಭಯ. ಅದಕ್ಕೆ ಮೊದಲು ಕಿಮೋ ಮತ್ತು ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ಅದನ್ನು ಕುಗ್ಗಿಸುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ನಡೆದ ‘ಕ್ರಾಸ್’ ಎಂಬ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬರೀ ಆಪರೇಷನ್ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನ 24 ತಿಂಗಳು ದಾಟಿದರು. ಮೊದಲು ಈ ಐದು ವಾರದ ಚಿಕಿತ್ಸೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ 49 ತಿಂಗಳು ದಾಟಿದರು. ನಿಮ್ಮ ಅಪ್ಪನಿಗೆ ಬಂದಿರುವ ಸ್ಕ್ವಾಮಸ್ ಜಾತಿಗೆ, ಅಂದರೆ ಅನ್ನನಾಳದ ಒಳಪದರದ ಚಪ್ಪಟೆ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ, ಲಾಭ ಇನ್ನೂ ಜಾಸ್ತಿ. ಆ ಜಾತಿಯವರಲ್ಲಿ ನೂರಕ್ಕೆ 49 ಜನರ ಅನ್ನನಾಳ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಂತ ಕ್ಯಾನ್ಸರ್ ಕಣವೇ ಸಿಗಲಿಲ್ಲ.

ಹಾಗಾದರೆ ಆಪರೇಷನ್ ಏಕೆ ಬೇಕು ಅಂತ ಕೇಳುತ್ತೀರಿ. ಯಾರಲ್ಲಿ ಪೂರ್ತಿ ಹೋಗಿದೆ, ಯಾರಲ್ಲಿ ಚೂರು ಉಳಿದಿದೆ ಅನ್ನುವುದನ್ನು ಎಂಡೋಸ್ಕೋಪಿ, ಸ್ಕ್ಯಾನ್ ಎರಡೂ ಸೇರಿಯೂ ಖಚಿತವಾಗಿ ಹೇಳಲಾರವು. ಪೂರ್ತಿ ಹೋದಂತೆ ಕಂಡವರಲ್ಲಿ ಆಪರೇಷನ್ ಮುಂದೂಡಿ ಕಣ್ಣಿಟ್ಟು ನೋಡುವ ಪದ್ಧತಿ ಇದೆ. ಆದರೆ ಅದಕ್ಕೆ ಎರಡು ಮೂರು ತಿಂಗಳಿಗೊಮ್ಮೆ ತಪ್ಪದೆ ಎಂಡೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್ ಆಗಬೇಕು. ಹಳ್ಳಿಯಲ್ಲಿ ಬಿತ್ತನೆ, ಸುಗ್ಗಿ ಅಂತ ಒಂದು ಸಲ ತಪ್ಪಿದರೂ ಕಷ್ಟ. ಆಪರೇಷನ್ ತಡೆದುಕೊಳ್ಳುವ ದೇಹ ಇದ್ದರೆ ಮಾಡಿಸಿಕೊಳ್ಳಿ ಅಂತಲೇ ನಾನು ಹೇಳುತ್ತೇನೆ.

ದುರ್ಬೀನು ಆಪರೇಷನ್ ಅಂದಾಗ ಜನ ಪಿತ್ತಕೋಶದ ಕಲ್ಲು ತೆಗೆದದ್ದನ್ನು ನೆನೆಸಿಕೊಳ್ಳುತ್ತಾರೆ. ಇವತ್ತು ಹೋಗಿ ನಾಡಿದ್ದು ಬರುವಂಥದ್ದು. ಇದು ಹಾಗಲ್ಲ. ಚರ್ಮದ ಮೇಲಿನ ತೂತು ಸಣ್ಣದು. ಒಳಗೆ ನಡೆಯುವ ಕೆಲಸ ಚೂರೂ ಸಣ್ಣದಾಗಿಲ್ಲ. ಅರಿವಳಿಕೆ ಕೊಟ್ಟಾಗಿನಿಂದ ಕೊನೆಯ ಹೊಲಿಗೆವರೆಗೆ ಐದಾರು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಒಂದೇ ದಿನ ಎದೆ, ಹೊಟ್ಟೆ, ಕುತ್ತಿಗೆ ಮೂರೂ ಕಡೆ ಕೆಲಸ.

ಒಳಗೆ ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ಅಪ್ಪನನ್ನು ಬೋರಲಾಗಿ ಮಲಗಿಸುತ್ತೇವೆ, ಕೆಲವು ತಂಡಗಳು ಎಡ ಮಗ್ಗುಲಿಗೆ ಮಲಗಿಸುತ್ತವೆ. ಎದೆಯ ಬಲಗಡೆ ಪಕ್ಕೆಲುಬುಗಳ ನಡುವೆ 5ರಿಂದ 12 ಮಿ.ಮೀ. ಅಗಲದ ಮೂರು ನಾಲ್ಕು ತೂತು. ಬೋರಲು ಮಲಗಿದಾಗ ಪುಪ್ಪುಸ (ಶ್ವಾಸಕೋಶ) ತನ್ನ ಭಾರಕ್ಕೆ ತಾನೇ ಮುಂದಕ್ಕೆ ಜಾರುತ್ತದೆ, ಸ್ವಲ್ಪ ಗಾಳಿ ತುಂಬಿದರೆ ಸಾಕು. ಆಗ ಪರದೆಯ ಮೇಲೆ ಬೆನ್ನುಮೂಳೆಯ ಮುಂದಿನ ಜಾಗವೆಲ್ಲ ಬಿಚ್ಚಿದ ಬುಟ್ಟಿಯಂತೆ ಕಾಣುತ್ತದೆ. ನೀಲಿ ಕಮಾನಿನಂತೆ ಅಡ್ಡ ಹಾಯ್ದಿರುವ ಒಂದು ರಕ್ತನಾಳ, ಅದರ ಕೆಳಗೆ ಅನ್ನನಾಳ, ಪಕ್ಕದಲ್ಲಿ ಡಬ್ ಡಬ್ ಅಂತ ಬಡಿಯುವ ಮಹಾಧಮನಿ. ಆ ಕಮಾನನ್ನು ಕಟ್ಟಿ ಕತ್ತರಿಸಿ, ಅನ್ನನಾಳವನ್ನು ಸುತ್ತಲಿನ ಕೊಬ್ಬು, ಗ್ರಂಥಿಗಳ ಸಮೇತ ಬಿಡಿಸುತ್ತಾ ಮೇಲಕ್ಕೆ ಹೋಗುತ್ತೇವೆ. ಮೇಲ್ಗಡೆ ಧ್ವನಿಪೆಟ್ಟಿಗೆಗೆ ಹೋಗುವ ನರ ಸಿಗುತ್ತದೆ. ದಾರದಷ್ಟು ಸಪೂರ. ಅದರ ಪಕ್ಕದಲ್ಲೇ ಕ್ಯಾನ್ಸರ್ ಕೂರುವ ಗ್ರಂಥಿಗಳು ಇರುತ್ತವೆ. ಗ್ರಂಥಿ ಬಿಡುವಂತಿಲ್ಲ, ನರ ಎಳೆಯುವಂತಿಲ್ಲ. ಎಳೆದರೆ ಧ್ವನಿ ಒಡೆಯುತ್ತದೆ, ನೀರು ಕುಡಿದಾಗ ನೆತ್ತಿಗೇರುತ್ತದೆ. ಐದಾರು ಗಂಟೆಯಲ್ಲಿ ನಾನು ಉಸಿರು ಬಿಗಿಹಿಡಿದು ಕೆಲಸ ಮಾಡುವುದು ಈ ಇಪ್ಪತ್ತು ನಿಮಿಷ.

ಆಮೇಲೆ ಅಂಗಾತ ಮಲಗಿಸಿ ಹೊಟ್ಟೆಯಲ್ಲಿ ಐದು ತೂತು. ಜಠರವನ್ನು ಬಿಡಿಸಿ, ಸ್ಟೇಪ್ಲರ್‌ನಿಂದ ಉದ್ದಕ್ಕೆ ಕತ್ತರಿಸಿ ನಾಲ್ಕೈದು ಸೆಂ.ಮೀ. ಅಗಲದ ನಳಿಗೆ ಮಾಡುತ್ತೇವೆ. ಹೊಸ ಅನ್ನನಾಳ ಅದೇ. ಕುತ್ತಿಗೆಯ ಎಡಗಡೆ ಒಂದು ಗಾಯ ಮಾಡಿ, ಆ ನಳಿಗೆಯನ್ನು ಎದೆಯೊಳಗಿಂದ ಮೇಲಕ್ಕೆ ತಂದು ಉಳಿದ ಅನ್ನನಾಳಕ್ಕೆ ಹೊಲಿಯುತ್ತೇವೆ. ಗಡ್ಡೆ ಇದ್ದ ಭಾಗ ಸಾಮಾನ್ಯವಾಗಿ ಕುತ್ತಿಗೆಯ ಗಾಯದಿಂದಲೋ ಹೊಟ್ಟೆಯ ಒಂದು ಸಣ್ಣ ಗಾಯದಿಂದಲೋ ಪೂರ್ತಿ ಒಂದೇ ತುಂಡಾಗಿ ಹೊರಗೆ ಬರುತ್ತದೆ. ತೂತಿನಿಂದ ಚೂರು ಚೂರು ಮಾಡಿ ಎಳೆಯುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು: ಹೌದು, ಪೂರ್ತಿ ತೆಗೆಯಲು ಆಗುತ್ತದೆ. ಕ್ಯಾಮೆರಾ ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುವುದರಿಂದ ಗ್ರಂಥಿಗಳು ಬರಿಗಣ್ಣಿಗಿಂತ ಚೆನ್ನಾಗಿಯೇ ಕಾಣುತ್ತವೆ. ‘ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಅನ್ನುವುದೂ ಸುಳ್ಳು. ಬಯಾಪ್ಸಿಯಿಂದ ಹರಡಿತು ಅಂತ ಯಾರಾದರೂ ಅಂದರೆ ಅದನ್ನೂ ತಲೆಗೆ ಹಾಕಿಕೊಳ್ಳಬೇಡಿ.

ಹಾಗಾದರೆ ದುರ್ಬೀನಿನಿಂದ ಉಳಿಯುವುದೇನು? ಎದೆಗೂಡು ಉಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಎದೆಯ ಬಲಗಡೆ ಒಂದು ಗೇಣಿಗಿಂತ ಉದ್ದ ಕೊಯ್ದು, ಪಕ್ಕೆಲುಬುಗಳನ್ನು ಯಂತ್ರದಿಂದ ಅಗಲಿಸಬೇಕಿತ್ತು. ಎಚ್ಚರವಾದ ಮೇಲೆ ಪ್ರತಿ ಉಸಿರಿಗೂ ಆ ಪಕ್ಕೆಲುಬು ನೋಯುತ್ತದೆ. ನೋವಿಗೆ ರೋಗಿ ಮೇಲುಸಿರು ಬಿಡುತ್ತಾನೆ, ಕೆಮ್ಮುವುದಿಲ್ಲ. ಕಫ ಕೆಳಗೆ ಕೂರುತ್ತದೆ. ನಾಲ್ಕನೇ ದಿನ ನ್ಯುಮೋನಿಯಾ. ಅನ್ನನಾಳದ ಆಪರೇಷನ್ ಆದವರನ್ನು ಹೆಚ್ಚು ಕಾಡಿದ್ದು ಇದೇ. 1992ರಲ್ಲಿ ಸ್ಕಾಟ್ಲೆಂಡ್‌ನ ಡಂಡೀಯಲ್ಲಿ ಡಾ. ಆಲ್ಫ್ರೆಡ್ ಕುಶೇರಿ ಅವರ ತಂಡ ಎದೆಯ ಈ ಕೆಲಸವನ್ನು ದುರ್ಬೀನಿನಿಂದ ಮಾಡಿ ವರದಿ ಮಾಡಿತು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಕೊಯಮತ್ತೂರಿನ ಡಾ. ಸಿ. ಪಳನಿವೇಲು ಅವರ ತಂಡ ಬೋರಲು ಮಲಗಿಸಿ ಮಾಡಿದ 130 ರೋಗಿಗಳ ಅನುಭವವನ್ನು 2006ರಲ್ಲೇ ಪ್ರಕಟಿಸಿತು. ಇವತ್ತು ಜಗತ್ತಿನ ಎಷ್ಟೋ ಕಡೆ ರೋಗಿಯನ್ನು ಬೋರಲು ಮಲಗಿಸುವಾಗ ಆ ಕೆಲಸ ನೆನಪಾಗುತ್ತದೆ.

ಸರಿಯಾದ ಹೋಲಿಕೆ ಬಂದದ್ದು 2012ರಲ್ಲಿ. ಯುರೋಪಿನ ‘ಟೈಮ್’ ಅಧ್ಯಯನದಲ್ಲಿ 115 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಮೊದಲ ಎರಡು ವಾರದಲ್ಲಿ ಪುಪ್ಪುಸದ ಸೋಂಕು ಎದೆ ತೆರೆದವರಲ್ಲಿ ನೂರಕ್ಕೆ 29 ಜನರಿಗೆ ಬಂತು, ದುರ್ಬೀನಿನವರಲ್ಲಿ 9 ಜನರಿಗೆ. ಆಸ್ಪತ್ರೆಯಲ್ಲಿ ಇದ್ದದ್ದು 14 ದಿನದ ಬದಲು 11 ದಿನ. ಮೂರು ವರ್ಷದ ನಂತರ ನೋಡಿದಾಗಲೂ ದುರ್ಬೀನಿನವರು ಬದುಕುಳಿಯುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. 2019ರಲ್ಲಿ ಫ್ರಾನ್ಸ್‌ನ ಇನ್ನೊಂದು ಅಧ್ಯಯನ ಬಂತು. ಅಲ್ಲಿ ಹೊಟ್ಟೆಯ ಕೆಲಸ ಮಾತ್ರ ದುರ್ಬೀನಿನಿಂದ, ಎದೆ ತೆರೆದೇ ಮಾಡಿದರು. ಅಷ್ಟಕ್ಕೇ ದೊಡ್ಡ ತೊಡಕುಗಳು ನೂರಕ್ಕೆ 64ರಿಂದ 36ಕ್ಕೆ ಇಳಿದವು. ಆದರೆ ಆ 36 ಅನ್ನುವ ಸಂಖ್ಯೆಯನ್ನು ಇನ್ನೊಂದು ಸಲ ನೋಡಿ. ಒಳ್ಳೆಯ ಕೈಯಲ್ಲಿ, ಹೊಸ ಪದ್ಧತಿಯಲ್ಲಿ ಕೂಡ ಮೂವರಲ್ಲಿ ಒಬ್ಬರಿಗೆ ಏನಾದರೂ ದೊಡ್ಡ ತೊಂದರೆ ಬಂತು. ನಿಮಗೆ ಇದನ್ನು ಯಾರೂ ಮುಚ್ಚಿಡಬಾರದು.

ನಾನು ಕಲಿಯುತ್ತಿದ್ದ ಕಾಲದ ಒಂದು ಘಟನೆ ಹೇಳುತ್ತೇನೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಐದನೇ ದಿನ ಆ ಹಿರಿಯರು ವಾರ್ಡಿನಲ್ಲಿ ಓಡಾಡುತ್ತಿದ್ದರು. ಬ್ಯಾಂಡೇಜು ತೆಗೆದರೆ ಗಾಯಗಳು ಗೀರಿದಷ್ಟೇ. ಮನೆಯವರಿಗೆ ಖುಷಿ, ನಮಗೂ ಖುಷಿ. ಆರನೇ ದಿನ ನಸುಕಿನಲ್ಲಿ ನಾಡಿ 124 ಇತ್ತು. ಜ್ವರ ಇರಲಿಲ್ಲ. ಅವರು ‘ಯಾಕೋ ಸಮಾಧಾನ ಇಲ್ಲ’ ಅಂದರು, ಅಷ್ಟೇ. ಗಾಯ ನೋಡಿ, ಎಲ್ಲ ಸರಿ ಇದೆ ಅಂತ ಮುಂದಿನ ಹಾಸಿಗೆಗೆ ಹೋದೆವು. ಸಂಜೆ ಹೊತ್ತಿಗೆ ಗೊತ್ತಾಯಿತು, ಜೋಡಣೆ ಒಳಗೆ ಸೋರುತ್ತಿತ್ತು. ಹನ್ನೆರಡು ಗಂಟೆ ಕಳೆದುಕೊಂಡಿದ್ದೆವು. ಐಸಿಯುನಲ್ಲಿ ಮೂರು ವಾರ ಇದ್ದು ಅವರು ಮನೆಗೆ ಹೋದರು. ಆದರೆ ಆ ಮೂರು ವಾರದಲ್ಲಿ ಅವರ ಹೆಂಡತಿ ಬಾಗಿಲ ಹೊರಗೆ ಚಾಪೆಯ ಮೇಲೆ ಕೂತಿದ್ದು ನನ್ನ ಕಣ್ಣಿನಿಂದ ಹೋಗಿಲ್ಲ. ಹೊರಗಿನ ಸಣ್ಣ ಗಾಯ ನೋಡಿ ಒಳಗಿನ ದೊಡ್ಡ ಗಾಯವನ್ನು ಮರೆತಿದ್ದೆವು. ಇವತ್ತಿಗೂ ಐದರಿಂದ ಎಂಟನೇ ದಿನದವರೆಗೆ ನಾಡಿ ಏರಿದರೆ ನಾನು ಮೊದಲು ಸ್ಕ್ಯಾನ್ ಕೇಳುತ್ತೇನೆ.

ಇಲ್ಲಿಗೆ ನಿಮ್ಮ ಎಕರೆ ಹೊಲದ ಪ್ರಶ್ನೆ ಬರುತ್ತದೆ. ರೋಬೋಟ್ ಅಂದರೆ ತಾನೇ ಆಪರೇಷನ್ ಮಾಡುವ ಯಂತ್ರ ಅಲ್ಲ. ಸರ್ಜನ್ ಪಕ್ಕದಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಉಪಕರಣದ ತುದಿ ಮಣಿಕಟ್ಟಿನಂತೆ ತಿರುಗುತ್ತದೆ, ನಾನು ಹೇಳಿದ ಆ ಸಪೂರ ನರದ ಪಕ್ಕ ಕೆಲಸ ಮಾಡಲು ಅನುಕೂಲ. ಆದರೆ ಪಳಗಿದ ಕೈಯ ಸಾಮಾನ್ಯ ದುರ್ಬೀನಿಗಿಂತ ರೋಬೋಟ್‌ನಿಂದ ಜನ ಜಾಸ್ತಿ ದಿನ ಬದುಕುತ್ತಾರೆ ಅಂತ ಸಾಬೀತಾಗಿಲ್ಲ. ಅದಕ್ಕಾಗಿ ಹೊಲ ಮಾರಬೇಡಿ. ನಿಮ್ಮ ಅಪ್ಪ ಗುಣವಾಗಿ ಬಂದ ಮೇಲೆ ನಿಂತು ನೋಡಲು ಆ ಎಕರೆ ಇರಲಿ.

ಯಂತ್ರದ ಬದಲು ತಂಡವನ್ನು ಕೇಳಿ. ನೇರವಾಗಿಯೇ ಕೇಳಿ, ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವರ್ಷಕ್ಕೆ ಎಷ್ಟು ಅನ್ನನಾಳದ ಆಪರೇಷನ್ ಮಾಡುತ್ತೀರಿ? ಸೋರಿಕೆ ಆದರೆ ರಾತ್ರಿ ಹೊತ್ತು ಸ್ಕ್ಯಾನ್, ಎಂಡೋಸ್ಕೋಪಿ ಇಲ್ಲೇ ಆಗುತ್ತದೆಯೇ? ಐಸಿಯುನಲ್ಲಿ ರಾತ್ರಿ ಯಾರಿರುತ್ತಾರೆ? ಉಸಿರಾಟದ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಯವರು ಭಾನುವಾರವೂ ಬರುತ್ತಾರಾ? ಈ ಆಪರೇಷನ್ನನ್ನು ಮೇಲಿಂದ ಮೇಲೆ ಮಾಡುವ ಕಡೆ ಫಲಿತಾಂಶ ಚೆನ್ನಾಗಿರುತ್ತದೆ, ಇದು ದೇಶ ದೇಶಗಳಲ್ಲಿ ಕಂಡ ಮಾತು. ಕಾರಣ ಬರೀ ಕೈಚಳಕ ಅಲ್ಲ. ತೊಂದರೆ ಎಲ್ಲ ಕಡೆಯೂ ಬರುತ್ತದೆ. ಅಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಆ ಉತ್ತರಗಳು ಹುಬ್ಬಳ್ಳಿ-ಧಾರವಾಡದಲ್ಲೇ ಸಿಕ್ಕರೆ ಇಲ್ಲೇ ಮಾಡಿಸಿ. ಸಿಗದಿದ್ದರೆ ಬೆಂಗಳೂರಿಗೆ ಹೋಗುವುದಕ್ಕೆ ಅರ್ಥ ಇದೆ. ಬೇಕಿದ್ದರೆ ಕಿಮೋ, ರೇಡಿಯೇಷನ್ ಹುಬ್ಬಳ್ಳಿಯಲ್ಲಿ ಮುಗಿಸಿ, ಆಪರೇಷನ್ನಿಗೆ ಮಾತ್ರ ಹೋಗಬಹುದು. ಎರಡೂ ಕಡೆಯ ಡಾಕ್ಟರು ಮೊದಲೇ ಮಾತಾಡಿಕೊಂಡಿರಲಿ.

ಖರ್ಚಿಗೆ ಮೊದಲು ರೇಷನ್ ಕಾರ್ಡ್ ನೋಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಚಿಕಿತ್ಸೆ ಶುರುವಾಗುವ ಮೊದಲೇ ಹಾವೇರಿ ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಪತ್ರದ ಬಗ್ಗೆ ಕೇಳಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನೂ ಭೇಟಿ ಮಾಡಿ. ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳುವ ಗೋಜು ಬೇಡ.

ಎಲ್ಲರಿಗೂ ದುರ್ಬೀನು ಆಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಹಿಂದೆ ಟಿಬಿ ಆಗಿ ಪುಪ್ಪುಸ ಎದೆಗೋಡೆಗೆ ಅಂಟಿಕೊಂಡಿದ್ದರೆ ಕಷ್ಟ. ಅಪ್ಪನಿಗೆ ಯಾವಾಗಲಾದರೂ ಟಿಬಿ ಮಾತ್ರೆ ಕೊಟ್ಟಿದ್ದರೆ ಈಗಲೇ ಹೇಳಿ. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೂ ಹೇಳಿ. ಶುರು ಮಾಡಿದ ಮೇಲೆ ರಕ್ತ ಬಂದರೋ, ಗಡ್ಡೆ ಬಿಡದಿದ್ದರೋ, ಎದೆ ತೆರೆಯಬೇಕಾಗಬಹುದು. ಅದು ಸೋಲಲ್ಲ. ಹಾಗೆ ನಿರ್ಧಾರ ಮಾಡುವ ಸರ್ಜನ್ ನಿಮ್ಮ ಅಪ್ಪನ ಪರವಾಗಿಯೇ ಇದ್ದಾರೆ.

ಈಗ ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಬರುತ್ತೇನೆ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಐದು ವಾರದ ಚಿಕಿತ್ಸೆ, ಆಮೇಲೆ ಆಪರೇಷನ್ನಿಗೆ ಮುಂಚೆ ಸುಮಾರು ಆರರಿಂದ ಎಂಟು ವಾರದ ಬಿಡುವು. ಅಂದರೆ ಹತ್ತಿರ ಹತ್ತಿರ ಮೂರು ತಿಂಗಳು. ಈ ಮೂರು ತಿಂಗಳಲ್ಲಿ ಅಪ್ಪನ ಮೈಯಲ್ಲಿ ಎಷ್ಟು ಬಲ ತುಂಬುತ್ತೀರೋ, ಆಪರೇಷನ್ ಆದ ಮೇಲೆ ಜೋಡಣೆ ಅಷ್ಟು ಚೆನ್ನಾಗಿ ಕೂಡುತ್ತದೆ.

11 ಕೆ.ಜಿ. ಇಳಿದಿದೆ ಅಂದಿರಿ. ಅದನ್ನು ಕಟ್ಟಿನ ಸಾರು, ಗಂಜಿ ನೀರಿನಿಂದ ತುಂಬಲು ಆಗುವುದಿಲ್ಲ. ಹೊಟ್ಟೆ ತುಂಬಿದಂತೆ ಆಗುತ್ತದೆ, ಮೈಗೆ ಏನೂ ಹತ್ತುವುದಿಲ್ಲ. 50 ಕೆ.ಜಿ. ತೂಕದವರಿಗೆ ಈಗ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ. ಲೆಕ್ಕ ನೀವೇ ಹಾಕಿ. ಹಾಲು, ಮೊಸರು, ಮೊಟ್ಟೆ ಕದಡಿದ್ದು, ದಪ್ಪ ಬೇಳೆ, ನುಣ್ಣಗೆ ಅರೆದ ಶೇಂಗಾ ಹಾಲಿನಲ್ಲಿ ಕಲಸಿದ್ದು, ಮೇಲೆ ಒಂದು ಚಮಚ ತುಪ್ಪ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಮೊಟ್ಟೆ ತಿನ್ನದ ಮನೆಯಾದರೆ ಡಯಟೀಶಿಯನ್ ಹತ್ತಿರ ಪ್ರೋಟೀನ್ ಪುಡಿ ಬರೆಸಿಕೊಳ್ಳಿ. ಗಂಜಿಯೂ ಇಳಿಯದ ಹಾಗಾದರೆ ಮೂಗಿನಿಂದ ಸಣ್ಣ ನಳಿಗೆ ಹಾಕುತ್ತೇವೆ ಅನ್ನುತ್ತಾರೆ. ‘ಮೂಗಿನಾಗ ನಳಿ ಹಾಕಿದ್ರ ಮುಗೀತು’ ಅಂತ ನಮ್ಮ ಜನ ಹೆದರುತ್ತಾರೆ. ದಯವಿಟ್ಟು ಬೇಡ ಅನ್ನಬೇಡಿ. ಆ ನಳಿಗೆಯಿಂದ ತೂಕ ಏರಿಸಿಕೊಂಡು, ಆಪರೇಷನ್ ಮುಗಿಸಿ ಮನೆಗೆ ಹೋದವರನ್ನು ನಾನು ಬಹಳ ನೋಡಿದ್ದೇನೆ. ಒಂದು ಎಚ್ಚರಿಕೆ: ನುಂಗಲು ಅನುಕೂಲ ಆಗಲಿ ಅಂತ ಯಾರಾದರೂ ಲೋಹದ ಸ್ಟೆಂಟ್ (ಅನ್ನನಾಳವನ್ನು ತೆರೆದು ಹಿಡಿಯುವ ನಳಿಗೆ) ಹಾಕಿಸೋಣ ಅಂದರೆ, ಮೊದಲು ನಿಮ್ಮ ಸರ್ಜನ್ ಹತ್ತಿರ ಮಾತಾಡಿ. ಆಪರೇಷನ್ ಆಗಬೇಕಾದವರಿಗೆ ಅದು ಸಾಮಾನ್ಯವಾಗಿ ಒಳ್ಳೆಯದಲ್ಲ.

ಬೀಡಿ, ತಂಬಾಕು ಇವತ್ತೇ ನಿಲ್ಲಬೇಕು. ಆಪರೇಷನ್ನಿಗೆ ಕಡೆಯ ಪಕ್ಷ ನಾಲ್ಕು ವಾರ ಮೊದಲು ಬಿಟ್ಟರೆ ಪುಪ್ಪುಸ ಸುಧಾರಿಸಿಕೊಳ್ಳುತ್ತದೆ. ಔಷಧದ ಅಂಗಡಿಯಲ್ಲಿ ಮೂರು ಬಣ್ಣದ ಚೆಂಡು ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಸ್ಪೈರೋಮೀಟರ್ ಅನ್ನುತ್ತಾರೆ. ಬೆಲೆ ದೊಡ್ಡದಲ್ಲ. ನಳಿಗೆ ಬಾಯಲ್ಲಿ ಇಟ್ಟು ಉಸಿರು ಎಳೆದರೆ ಚೆಂಡು ಮೇಲೇರುತ್ತದೆ. ಗಮನಿಸಿ, ಊದುವುದಲ್ಲ, ಎಳೆಯುವುದು. ಎಷ್ಟೋ ಜನ ತಿಂಗಳುಗಟ್ಟಲೆ ಊದಿಕೊಂಡು ಬರುತ್ತಾರೆ! ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ. ಮೊದಲ ವಾರ ಒಂದು ಚೆಂಡು ಏರಬಹುದು. ಮೂರೂ ಏರಿಸಿ ಎರಡು ಮೂರು ಸೆಕೆಂಡು ಹಿಡಿದಿಟ್ಟುಕೊಳ್ಳುವ ಮಟ್ಟಕ್ಕೆ ಬರಲಿ. ಬೆಳಿಗ್ಗೆ ಸಂಜೆ ಹೊಲದ ಬದುವಿನ ಮೇಲೆ ಅರ್ಧ ಗಂಟೆ ನಡೆಯಲಿ. ರೇಡಿಯೇಷನ್ ನಡೆಯುವಾಗ ವಾರಕ್ಕೆ ಐದು ದಿನ ಬರಬೇಕು, ಹಾವೇರಿಯಿಂದ ಹುಬ್ಬಳ್ಳಿಗೆ ದಿನಾ ಹೋಗಿ ಬಂದರೆ 150 ಕಿ.ಮೀ. ಆಗುತ್ತದೆ. ಆ ದಣಿವಿಗೆ ತಿಂದದ್ದೂ ಹತ್ತುವುದಿಲ್ಲ. ಐದು ವಾರ ಹುಬ್ಬಳ್ಳಿಯಲ್ಲಿ ಯಾರಾದರೂ ಸಂಬಂಧಿಕರ ಮನೆಯಲ್ಲೋ ಧರ್ಮಶಾಲೆಯಲ್ಲೋ ಉಳಿಯುವ ವ್ಯವಸ್ಥೆ ಮಾಡಿ.

ಆಪರೇಷನ್ ಆದ ಮೇಲೆ ಕೆಲವು ದಿನ ಬಾಯಿಗೆ ಏನೂ ಇಲ್ಲ. ಹೊಟ್ಟೆಯ ಪಕ್ಕದಿಂದ ಕರುಳಿಗೆ ಒಂದು ನಳಿಗೆ ಇಟ್ಟಿರುತ್ತಾರೆ, ಊಟ ಅದರಲ್ಲಿ. ಮನೆಗೆ ಬಂದ ಮೇಲೂ ಕೆಲವು ವಾರ ಇರಬಹುದು. ಅದರಲ್ಲಿ ಹಾಕುವುದನ್ನು ಎರಡು ಸಲ ಸೋಸಿ. ಜೋಳದ ಗಂಜಿಯ ತರಿ ಸಿಕ್ಕರೆ ನಳಿಗೆ ಕಟ್ಟಿಕೊಳ್ಳುತ್ತದೆ, ರಾತ್ರಿ ಹತ್ತು ಗಂಟೆಗೆ ಹುಬ್ಬಳ್ಳಿಗೆ ಓಡಿಬರಬೇಕಾಗುತ್ತದೆ. ಪ್ರತಿ ಸಲ ಮುಗಿದ ಮೇಲೆ 50 ಎಂ.ಎಲ್. ಕಾಯಿಸಿ ಆರಿಸಿದ ನೀರು ಹಾಕಿ.

ಬಾಯಿಂದ ಊಟ ಶುರುವಾದ ಮೇಲೆ ಜಠರ ಈಗ ಚೀಲ ಅಲ್ಲ, ನಳಿಗೆ ಅನ್ನುವುದು ನೆನಪಿರಲಿ. ಜಾಗ ಕಮ್ಮಿ. ದಿನಕ್ಕೆ ಆರರಿಂದ ಎಂಟು ಸಲ, ಒಂದೊಂದು ಸಲ ಒಂದು ಸಣ್ಣ ಬಟ್ಟಲಿನಷ್ಟು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಬರೀ ಹೊಟ್ಟೆಗೆ ಸಿಹಿ ತಿಂದರೆ ಎದೆ ಡವಡವ ಅನ್ನುತ್ತದೆ, ಬೆವರು ಕಿತ್ತು ಬರುತ್ತದೆ. ಪೇಢೆ ತಂದುಕೊಡುವ ನೆಂಟರಿಗೆ ಮೊದಲೇ ಹೇಳಿಬಿಡಿ. ತಿಂದು ಎರಡು ಗಂಟೆ ಮಲಗುವಂತಿಲ್ಲ. ರಾತ್ರಿ ತಲೆಯ ಕಡೆ ಮಂಚದ ಕಾಲಿಗೆ ಎರಡು ಇಟ್ಟಿಗೆ ಇಡಿ. ಇದು ಎರಡು ಮೂರು ತಿಂಗಳಿನ ಮಾತಲ್ಲ, ಮಲಗುವ ಈ ಕ್ರಮ ಕಾಯಂ.

ಅಪ್ಪನಿಗೆ ಹೇಳುವ ವಿಷಯ. ಹೇಳಿ. ಐದು ವಾರ ಕ್ಯಾನ್ಸರ್ ವಾರ್ಡಿನಲ್ಲಿ ಬೇರೆ ರೋಗಿಗಳ ಪಕ್ಕ ಕೂರುವ ಮನುಷ್ಯನಿಗೆ ಎರಡನೇ ದಿನವೇ ಗೊತ್ತಾಗುತ್ತದೆ. ಆಮೇಲೆ ಅವರು ಗೊತ್ತಿಲ್ಲದವರಂತೆ ಇರುತ್ತಾರೆ, ನೀವೂ ಹಾಗೇ ಇರುತ್ತೀರಿ. ಭಯ ಬಂದಾಗ ಮಾತಾಡಲು ಯಾರೂ ಇರುವುದಿಲ್ಲ. ಹುಣ್ಣು ಅಂದುಕೊಂಡವರಿಗೆ ಗಂಟೆಗೆ ಹತ್ತು ಸಲ ಉಸಿರು ಎಳೆಯುವ ಹಟ ಎಲ್ಲಿಂದ ಬರಬೇಕು? ‘ಗಡ್ಡೆ ಐತಿ, ಕ್ಯಾನ್ಸರ್ ಐತಿ, ಹರಡಿಲ್ಲ, ತೆಗೀಬಹುದು ಅಂದಾರ’ ಅನ್ನಿ. ಈ ನಾಲ್ಕೂ ಮಾತು ಒಟ್ಟಿಗೆ ಹೇಳಿ, ಮೊದಲ ಎರಡು ಹೇಳಿ ಎದ್ದು ಹೋಗಬೇಡಿ. ಹೇಳಲು ಬಾಯಿ ಬರದಿದ್ದರೆ ಡಾಕ್ಟರ ಮುಂದೆ ನೀವೂ ಪಕ್ಕದಲ್ಲಿ ಕೂತು ಹೇಳಿಸಿ.

ಮತ್ತು ಅವರ ಪ್ರಶ್ನೆ. ಹೌದು, ರೊಟ್ಟಿ ತಿನ್ನಬಹುದು. ಕೂಡಲೇ ಅಲ್ಲ. ಮೊದಲ ತಿಂಗಳು ಗಂಜಿ, ಮೆತ್ತಗಿನ ಅನ್ನ. ಆಮೇಲೆ ಬಿಸಿ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಅರ್ಧ. ಅದು ಹಿಡಿಸಿದರೆ ಅವ್ವನಿಗೆ ಮುಟಗಿ ಮಾಡಿಕೊಡಲು ಹೇಳಿ: ಬಿಸಿ ರೊಟ್ಟಿ, ಬೆಳ್ಳುಳ್ಳಿ, ಎಣ್ಣೆ ಹಾಕಿ ಚೆನ್ನಾಗಿ ಮುರಿದು ನಾದಿ, ಸಣ್ಣ ಸಣ್ಣ ತುತ್ತು. ಮೊದಲ ಕೆಲವು ವಾರ ಖಾರ ಕಮ್ಮಿ ಇರಲಿ. ಖಡಕ್ ರೊಟ್ಟಿಗೆ ಬರಲು ಮೂರು ನಾಲ್ಕು ತಿಂಗಳು ಬೇಕಾಗಬಹುದು. ನಡುವೆ ಎಲ್ಲಾದರೂ ಮತ್ತೆ ಸಿಕ್ಕಿಕೊಂಡಂತೆ ಆದರೆ ಕ್ಯಾನ್ಸರ್ ಮರಳಿತು ಅಂತ ಗಾಬರಿ ಬೀಳಬೇಡಿ. ಹೊಲಿದ ಜಾಗ ಬಿಗಿಯಾಗುವುದು ಬಹಳ ಜನರಿಗೆ ಆಗುತ್ತದೆ, ಎಂಡೋಸ್ಕೋಪಿಯಲ್ಲಿ ಹಿಗ್ಗಿಸಬಹುದು. ಆದರೆ ಈ ಸಲ ನಾಲ್ಕು ತಿಂಗಳು ಅಡುಗೆ ಬದಲಿಸುತ್ತಾ ಕೂರಬೇಡಿ, ಆ ವಾರವೇ ಕರೆದುಕೊಂಡು ಬನ್ನಿ.